ರಷ್ಯನ್ ಟಾಯ್: ವಂಶಾವಳಿ ಇಲ್ಲದ ನಾಯಿಗಳಿಂದ ಮೂಡಿದ ತಳಿ

ರಷ್ಯನ್ ಟಾಯ್ ನಾಯಿ ಮೂರು ಕಿಲೋಗಿಂತ ಹೆಚ್ಚು ತೂಗುವಂತಿಲ್ಲ, ಎತ್ತರ 20ರಿಂದ 28 ಸೆಂಟಿಮೀಟರ್. ಈ ಪುಟ್ಟ ಪ್ರಾಣಿಯ ಮೂಲವನ್ನು ರಷ್ಯದ ಪೀಟರ್ ಚಕ್ರವರ್ತಿಯ ಅರಮನೆಯವರೆಗೆ ಒಯ್ಯುವ ಉತ್ಸಾಹ ತಳಿಪ್ರಿಯರಲ್ಲಿ ಬಹಳ. ಪೀಟರನ ಅಚ್ಚುಮೆಚ್ಚಿನ ಲಿಸೆಟ್ಟಾ ಎಂಬ ನಾಯಿಯ ಸಂರಕ್ಷಿತ ದೇಹ ಸೇಂಟ್ ಪೀಟರ್ಸ್‌ಬರ್ಗಿನ ಪ್ರಾಣಿಶಾಸ್ತ್ರ ವಸ್ತುಸಂಗ್ರಹಾಲಯದಲ್ಲಿದೆ. ಅದನ್ನು ಈ ತಳಿಯ ಪೂರ್ವಜೆ ಎನ್ನುವ ಮಾತನ್ನು ನಾನು ಒಪ್ಪಲಾರೆ. 1950ರ ದಶಕದ ನಾಯಿಗಳಿಗೇ ವಂಶಾವಳಿ ಇಲ್ಲದಿರುವಾಗ ಹದಿನೆಂಟನೆಯ ಶತಮಾನಕ್ಕೆ ಕೊಂಡಿ ಹಾಕುವುದು ಹೇಗೆ?

ಖಚಿತವಾಗಿ ಹೇಳಬಹುದಾದದ್ದು ಇಷ್ಟು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಇಂಗ್ಲಿಷ್ ಟಾಯ್ ಟೆರಿಯರ್ ರಷ್ಯದ ಸಿರಿವಂತರ ಮನೆಗಳಲ್ಲಿ ಬಲು ಜನಪ್ರಿಯವಾಗಿತ್ತು. 1917ರ ಕ್ರಾಂತಿಯೊಂದಿಗೆ ಆ ಮನೆಗಳೇ ಚದುರಿದವು. 1920ರಿಂದ 1950ರವರೆಗೆ ಶುದ್ಧ ತಳಿವರ್ಧನೆ ಬಹುತೇಕ ನಿಂತುಹೋಯಿತು. ಸೋವಿಯತ್ ಸರ್ಕಾರದ ಆಸಕ್ತಿ ಇದ್ದದ್ದು ಕಾವಲಿಗೆ, ಸೇನೆಗೆ ಒದಗುವ ನಾಯಿಗಳಲ್ಲಿ. ಎರಡನೆಯ ಮಹಾಯುದ್ಧದ ನಂತರ ‘ರೆಡ್ ಸ್ಟಾರ್’ ಸೇನಾ ಕೇಂದ್ರದಲ್ಲಿ ಬ್ಲಾಕ್ ರಷ್ಯನ್ ಟೆರಿಯರ್ ಎಂಬ ಭಾರೀ ನಾಯಿಯನ್ನೇ ರೂಪಿಸಲಾಯಿತು. ಅದು ಸರ್ಕಾರಿ ಯೋಜನೆಯ ಫಲ. ಟಾಯ್ ಉಳಿದದ್ದು ಹವ್ಯಾಸಿಗಳ ಹಟದಿಂದ.

1950ರ ದಶಕದ ನಡುವೆ ಈ ಹವ್ಯಾಸಿಗಳು ಕೈಗೆ ಸಿಕ್ಕ ನಾಯಿಗಳನ್ನೇ ಕೂಡಿಸತೊಡಗಿದರು. ಹಲವು ನಾಯಿಗಳು ಶುದ್ಧ ತಳಿಯವೂ ಆಗಿರಲಿಲ್ಲ. ಆಗ ಬರೆದ ಮಾನದಂಡವೂ ಇಂಗ್ಲಿಷ್ ಮೂಲದಿಂದ ದೂರ ಸರಿಯಿತು. 1958ರ ಅಕ್ಟೋಬರ್ 12ರಂದು ನುಣುಪು ಕೂದಲಿನ ಜೋಡಿಯೊಂದಕ್ಕೆ ಕಿವಿ, ಕಾಲುಗಳಲ್ಲಿ ಉದ್ದನೆಯ ಕುಚ್ಚುಗಳಿದ್ದ ಗಂಡುಮರಿ ಹುಟ್ಟಿತು. ತಂದೆತಾಯಿಗಳಲ್ಲಿ ಒಂದರ ಕೂದಲು ತುಸು ಉದ್ದವಿತ್ತು, ಅದಕ್ಕೆ ವಂಶಾವಳಿ ಇರಲಿಲ್ಲ. ದೋಷವೆಂದು ಬದಿಗಿಡಬಹುದಾಗಿದ್ದ ಆ ಮರಿಯನ್ನು ಉಳಿಸಿಕೊಂಡು, ತುಸು ಉದ್ದ ಕೂದಲಿನ ಹೆಣ್ಣಿನೊಂದಿಗೆ ಕೂಡಿಸಲಾಯಿತು. ಮಾಸ್ಕೋದ ಯೆವ್ಗೇನಿಯಾ ಝರೋವಾ ಅವರ ಪಾತ್ರ ಇದರಲ್ಲಿ ದೊಡ್ಡದು. ಹೀಗೆ ತಳಿಯ ಉದ್ದಗೂದಲಿನ ಬಗೆಯಾದ ‘ಮಾಸ್ಕೋದ ಉದ್ದಗೂದಲಿನ ಟಾಯ್ ಟೆರಿಯರ್’ ಮೈದಳೆಯಿತು.

ಈ ಹುಟ್ಟಿನಲ್ಲಿ ಪವಾಡವೇನೂ ಇಲ್ಲ. ನಾಯಿಗಳ ಕೂದಲಿನ ಉದ್ದವನ್ನು ಬಹುಮಟ್ಟಿಗೆ ಎಫ್‌ಜಿಎಫ್5 ಎಂಬ ಜೀನ್ ನಿರ್ಧರಿಸುತ್ತದೆಂದು 2009ರಲ್ಲಿ ‘ಸೈನ್ಸ್’ ಪತ್ರಿಕೆಯ ಅಧ್ಯಯನ ತೋರಿಸಿತು. ಉದ್ದಗೂದಲಿನ ಗುಣ ಅಪ್ರಬಲವಾದ್ದರಿಂದ ಗಿಡ್ಡಗೂದಲಿನ ತಂದೆತಾಯಿಗಳಲ್ಲೂ ಅದು ಅಡಗಿರಬಲ್ಲದು. 1958ರ ಮರಿಗೂ ಇದೇ ಕಾರಣವಿದ್ದೀತೆಂದು ನನ್ನ ಊಹೆ. ಹೊರಗಿನ ರಕ್ತ ಬೆರೆಯದ ಸೋವಿಯತ್ ಏಕಾಂತದಲ್ಲಿ, ಆಯ್ದ ಸಂಕರಗಳಿಂದ, ಆ ಗುಣ ಬೇಗ ನೆಲೆಯೂರಿತು.

ಸೋವಿಯತ್ ಒಕ್ಕೂಟ ಕುಸಿದ ಮೇಲೆ ವಿದೇಶಿ ತಳಿಗಳು ನುಗ್ಗಿ ರಷ್ಯನ್ ಟಾಯ್‌ಗೆ ಮತ್ತೆ ಕುತ್ತು ಬಂತು. ಅಂತರರಾಷ್ಟ್ರೀಯ ಶ್ವಾನ ಒಕ್ಕೂಟವಾದ ಎಫ್‌ಸಿಐ 2006ರಲ್ಲಿ ತಾತ್ಕಾಲಿಕ, 2017ರಲ್ಲಿ ಪೂರ್ಣ ಮನ್ನಣೆ ನೀಡಿತು. ಅಮೆರಿಕನ್ ಕೆನಲ್ ಕ್ಲಬ್ 2022ರಲ್ಲಿ ಟಾಯ್ ಗುಂಪಿಗೆ ಸೇರಿಸಿಕೊಂಡಿತು. ಎಫ್‌ಸಿಐ ಮಾನದಂಡದ ಇತಿಹಾಸ ಭಾಗವು ಆ ವಂಶಾವಳಿ ಇಲ್ಲದ ನಾಯಿಗಳನ್ನು ಮರೆಮಾಚದೆ ದಾಖಲಿಸಿದೆ. ಅರಮನೆಯ ಕಥೆಗಿಂತ ನನಗೆ ಆ ಸಾಲುಗಳ ಮೇಲೆಯೇ ಹೆಚ್ಚು ಭರವಸೆ.