ಅತ್ತೆಯ ಹೆಗಲಿನ ಅಳತೆ

ಮಹಾನವಮಿಯ ದಿನ ನಮ್ಮ ಹಿರೇಹಡಗಲಿ ಮನೆಯ ಪಡಸಾಲೆಯಲ್ಲಿ ಕುಡುಗೋಲು, ಕೂರಿಗೆ, ನನ್ನ ಹೊಲಿಗೆ ಯಂತ್ರ ಎಲ್ಲವೂ ವಿಭೂತಿ ಕುಂಕುಮ ಹಚ್ಚಿಸಿಕೊಂಡು ಸಾಲಾಗಿ ಕೂರುತ್ತಿದ್ದವು. ಸಾಲಿನ ಕೊನೆಗೆ ಒಂದು ಜೋಡಿನಳಿಗೆ ಬಂದೂಕು. ಅದು ಅತ್ತೆಯವರದು. 'ಮಾವನವರದಲ್ಲವೆ?' ಎಂದು ಬಂದವರು ಕೇಳುತ್ತಿದ್ದರು. ಮೊದಲು ಮಾವನವರದೇ ಇತ್ತು. ಅತ್ತೆಯವರದು ಹೇಗಾಯಿತು ಎಂಬುದನ್ನು ಹೇಳಲಿಕ್ಕೇ ಇಷ್ಟು ಬರೆಯುತ್ತಿದ್ದೇನೆ.

1991ರಲ್ಲಿ ಮಾವನವರು ತೀರಿಕೊಂಡಾಗ ಕಾನೂನಿನಂತೆ ಬಂದೂಕನ್ನು ಪೊಲೀಸ್ ಠಾಣೆಗೆ ಒಪ್ಪಿಸಿದೆವು. ಮನೆಯ ಗಂಡಸರೆಲ್ಲ ಮಾರಿಬಿಡುವುದೆಂದು ಮಾತಾಡಿಕೊಂಡರು. ಅತ್ತೆ ಮಾತ್ರ ಒಲೆಯ ಮುಂದೆ ಕೂತೇ ಕೇಳಿದರು: "ಹೊಳೀ ದಂಡಿ ಹೊಲಕ್ಕ ಹಂದಿ ಬರೂದು ನಿಂತೈತೇನು?" ಯಾರೂ ಉತ್ತರ ಕೊಡಲಿಲ್ಲ. ಆಗ ನಮ್ಮ ಜಿಲ್ಲಾ ಕೇಂದ್ರ ಬಳ್ಳಾರಿ. 2021ರಿಂದ ನಾವು ವಿಜಯನಗರ ಜಿಲ್ಲೆಯವರು. ಆ ಬಳ್ಳಾರಿಗೆ ಅತ್ತೆ ಎಷ್ಟು ಸಲ ಬಸ್ಸು ಹತ್ತಿದರೋ ಲೆಕ್ಕವಿಲ್ಲ. "ನೀವು ಹೊಡೀತೀರೇನಮ್ಮಾ?" ಎಂದು ಗುಮಾಸ್ತರೊಬ್ಬರು ನಕ್ಕರಂತೆ. ಒಂದೂವರೆ ವರ್ಷದ ಮೇಲೆ ಪರವಾನಗಿ ಅವರ ಹೆಸರಿಗೆ ಬಂತು.

ಕಾಡುಹಂದಿಯನ್ನು ಮನಬಂದಂತೆ ಕೊಲ್ಲಲು 1972ರ ವನ್ಯಜೀವಿ ಕಾಯ್ದೆ ಬಿಡುವುದಿಲ್ಲ. ಗಾಳಿಗೆ ಒಂದು ಗುಂಡು ಹಾರಿಸಿದರೆ ಹಿಂಡು ಓಡುತ್ತದೆ, ಅಷ್ಟು ಸಾಕು. ಆದರೆ ಮೊದಲ ರಾತ್ರಿಯೇ ಅತ್ತೆಯ ಹೆಗಲು ಬದನೆಕಾಯಿಯ ಬಣ್ಣಕ್ಕೆ ತಿರುಗಿತು. ಎಣ್ಣೆ ಬಿಸಿ ಮಾಡಿ ತಿಕ್ಕುವಾಗ ನಾನು, "ಬ್ಯಾಡ ಬಿಡ್ರಿ ಅತ್ತಿ" ಎಂದೆ. ಅವರು, "ತಪ್ಪು ಹೆಗಲಿಂದಲ್ಲವಾ, ಕಟ್ಟಿಗಿದು" ಎಂದರು.

ಮಾತು ನಿಜವಾಗಿತ್ತು. ಬಂದೂಕಿನ ಹಿಂದೆ, ಹೆಗಲಿಗೆ ಆನಿಸುವ ಮರದ ಭಾಗವಿದೆಯಲ್ಲ, ಅದಕ್ಕೆ ಬಟ್ಟು ಎನ್ನುತ್ತಾರೆ. ಮಾವನವರು ಆರಡಿಯ ಆಳು. ಅದು ಅವರ ತೋಳಿಗೆ ಸರಿಹೋಗುತ್ತಿತ್ತು. ಗಿಡ್ಡ ತೋಳಿನವರು ಹಿಡಿದರೆ ತುದಿ ಹೆಗಲಿನ ಗುಳಿಯಲ್ಲಿ ಕೂರದೆ ತೋಳಿನ ಎಲುಬಿಗೆ ಒದೆಯುತ್ತದೆ. ಮೊದಲೇ ಆ ಮರದ ಕುತ್ತಿಗೆಯಲ್ಲಿ ಒಂದು ಬಿರುಕೂ ಇತ್ತು. ಬಂದೂಕನ್ನು ರಿಪೇರಿ ಮಾಡಲು ಪರವಾನಗಿ ಪಡೆದವರೇ ಬೇಕು. ಹುಬ್ಬಳ್ಳಿಯ ಒಂದು ಅಂಗಡಿಗೆ ಹೋದೆವು.

ಅಲ್ಲಿದ್ದ ಮುದುಕರು ಅತ್ತೆಯ ಮೊಣಕೈ ಮಡಚಿಸಿ, ಒಳಮಡಿಕೆಯಿಂದ ತೋರುಬೆರಳಿನ ತುದಿಯ ಗೆಣ್ಣಿನವರೆಗೆ ಟೇಪು ಹಿಡಿದರು. ನಾನು ರವಿಕೆಗೆ ಅಳತೆ ತೆಗೆಯುವ ಹಾಗೆಯೇ! ಕುದುರೆಯಿಂದ, ಅಂದರೆ ಬೆರಳಿನಿಂದ ಎಳೆಯುವ ಕೀಲಿನಿಂದ, ಬಟ್ಟಿನ ತುದಿಯವರೆಗೆ ಹದಿನಾಲ್ಕೂವರೆ ಇಂಚು ಇತ್ತು. ಅತ್ತೆಗೆ ಬೇಕಾದದ್ದು ಹದಿಮೂರು. ಕೆನ್ನೆ ಊರಿದಾಗ ಕಣ್ಣು ತಾನಾಗಿ ನಳಿಗೆಯ ನೇರಕ್ಕೆ ಬರುತ್ತದೆಯೇ ಎಂದೂ ನೋಡಿದರು. "ಅವ್ವಾರ, ಹಗುರ ಕಟ್ಟಿಗಿ ಹಾಕಿದ್ರ ಹೊರೂದು ಸಸಾರ, ಆದ್ರ ಒದಿಯೂದು ಜಾಸ್ತಿ. ಎಳಿ ಮಾತ್ರ ಉದ್ದಕ ಇರಬೇಕು. ಕುತ್ತಿಗಿಯೊಳಗ ಎಳಿ ಅಡ್ಡ ಬಂತಂದ್ರ ಒಂದಿಲ್ಲೊಂದಿನ ಸೀಳತೈತಿ" ಎಂದು ವಿವರಿಸಿದರು. ಅಕ್ರೋಟ ಮರ ತುಟ್ಟಿ ಎಂದು ಬೀಟೆಯನ್ನು ಆರಿಸಿದೆವು. ತುದಿಗೆ ರಬ್ಬರಿನ ಮೆತ್ತೆ ಬಂತು. ಮುಂದೆ ಅತ್ತೆಯ ಹೆಗಲು ಕಪ್ಪಾಗಲಿಲ್ಲ.

ಕಾಲೇಜಿನಲ್ಲಿ ಇತಿಹಾಸ ಓದಿದವಳು ನಾನು. ಆದರೂ ಬಂದೂಕಿನ ಇತಿಹಾಸವೆಂದರೆ ಮರದ್ದೂ ಹೌದು, ಮೈಯದ್ದೂ ಹೌದು ಎಂಬುದು ಆ ಅಂಗಡಿಯಲ್ಲಿಯೇ ಹೊಳೆದದ್ದು. 1520ರಲ್ಲಿ ಕೃಷ್ಣದೇವರಾಯ ರಾಯಚೂರು ಕೋಟೆಗೆ ಮುತ್ತಿಗೆ ಹಾಕಿದಾಗ ಕ್ರಿಸ್ಟೋವಾಂವ್ ದ ಫಿಗೆರೆದೊ ಎಂಬವನ ಜೊತೆಗಿದ್ದ ಪೋರ್ಚುಗೀಸರು ಗೋಡೆಯ ಮೇಲೆ ತಲೆಯೆತ್ತಿದವರನ್ನು ಬಂದೂಕಿನಿಂದ ಉರುಳಿಸಿದ್ದನ್ನು ನೂನಿಜ್ ಬರೆದಿಟ್ಟಿದ್ದಾನೆ. ನಮ್ಮ ದೇಶದ ಬತ್ತಿಯ ಬಂದೂಕುಗಳ ಬಟ್ಟು ಸಾಮಾನ್ಯವಾಗಿ ಸಣ್ಣದು, ನೇರ. ಹೆಗಲಿಗೆ ಅಗಲವಾಗಿ ಆನುವ ಬಟ್ಟು ಯುರೋಪಿನ ರೂಢಿ. ಟಿಪ್ಪುವಿನ ಕಮ್ಮಟಗಳಲ್ಲಿ ಯುರೋಪಿನ ಮಾದರಿಯ ಬಂದೂಕುಗಳು ಹುಲಿಯ ಗುರುತು ಹೊತ್ತು ತಯಾರಾದವು.

ಆಯುಧ ಯಾರ ಕೈಯಲ್ಲಿರಬೇಕು ಎಂಬ ಪ್ರಶ್ನೆಗೆ ನಮ್ಮ ಕಡೆಯ ಜನ ರಕ್ತವನ್ನೇ ಸುರಿಸಿದ್ದಾರೆ. 1857ರಲ್ಲಿ ಕಂಪನಿ ಸರಕಾರ ಆಯುಧಗಳನ್ನು ಒಪ್ಪಿಸಿರೆಂದಾಗ ಮುಧೋಳ ಸೀಮೆಯ ಹಲಗಲಿಯ ಬೇಡರು ಒಪ್ಪಲಿಲ್ಲ. ಆ ನವೆಂಬರಿನಲ್ಲಿ ಊರಿಗೆ ಬೆಂಕಿ ಬಿತ್ತು. 19 ಜನರನ್ನು ಗಲ್ಲಿಗೇರಿಸಿದರು. ಆ ಕಥೆ ಲಾವಣಿಯಾಗಿ ಉಳಿದಿದೆ. ಮರುವರ್ಷ ನನ್ನ ತವರು ಮುಂಡರಗಿಯ ಭೀಮರಾಯರು ಬಂಡೆದ್ದು, 1858ರ ಜೂನ್ 1ರಂದು ಕೊಪ್ಪಳದ ಕೋಟೆಯಲ್ಲಿ ಮಡಿದರು. 1878ರ ಕಾಯ್ದೆ ಭಾರತೀಯರಿಗೆಲ್ಲ ಪರವಾನಗಿ ಕಡ್ಡಾಯ ಮಾಡಿ ಯುರೋಪಿಯನ್ನರನ್ನು ಬಿಟ್ಟುಬಿಟ್ಟಿತು. ಸ್ವತಂತ್ರ ದೇಶದ ಕಾಯ್ದೆ ಬಂದದ್ದು 1959ರಲ್ಲಿ. ಕೊಡವರಿಗೆ ಇಂದಿಗೂ ಪರವಾನಗಿಯಿಂದ ವಿನಾಯಿತಿ ಇದೆ. ಅಲ್ಲಿ ಕೈಲ್ ಪೊಳ್ದ್ ಹಬ್ಬದಲ್ಲಿ ಕೋವಿಗೆ ಪೂಜೆ, ತೆಂಗಿನಕಾಯಿಗೆ ಗುರಿಯಿಡುವ ಪಂದ್ಯದಲ್ಲಿ ಹೆಣ್ಣುಮಕ್ಕಳೂ ನಿಲ್ಲುತ್ತಾರೆ.

ಬೆಂಗಳೂರಿನಲ್ಲಿರುವ ನನ್ನ ಮಗ ಕಳೆದ ಸಲ ಬಂದಾಗ ಮೊಬೈಲಿನಲ್ಲಿ ಚಿತ್ರಗಳನ್ನು ತೋರಿಸಿದ. ಕಪ್ಪು ಪ್ಲಾಸ್ಟಿಕ್ಕಿನವು, ಮಡಚುವವು, ಉದ್ದ ಹೆಚ್ಚುಕಡಿಮೆ ಮಾಡುವವು. "ಅಜ್ಜಿ, ಇದು ಬುಲ್‌ಪಪ್. ಗಿಡ್ಡಕ್ಕೈತಿ, ನಿನಗ ಛಲೋ" ಎಂದ. ಇದರಲ್ಲಿ ಗುಂಡು ಸಿಡಿಯುವ ಯಂತ್ರವೇ ಕುದುರೆಯ ಹಿಂದೆ, ಬಟ್ಟಿನೊಳಗೆ ಕೂತಿರುತ್ತದೆ. ಹೀಗಾಗಿ ನಳಿಗೆಯನ್ನು ಮೊಟಕು ಮಾಡದೆಯೇ ಒಟ್ಟು ಉದ್ದ ಕಡಿಮೆಯಾಗುತ್ತದೆ. ಈ ಯೋಚನೆ ಹೊಸದಲ್ಲ. 1901ರಲ್ಲೇ ಇಂಗ್ಲೆಂಡಿನಲ್ಲಿ ಥಾರ್ನಿಕ್ರಾಫ್ಟ್ ಎಂಬ ಮಾದರಿ ಇತ್ತು. ಆಸ್ಟ್ರಿಯಾದ ಸೈನ್ಯ 1977ರಲ್ಲಿ ಇಂಥದೇ ಬಂದೂಕು ತೆಗೆದುಕೊಂಡಿತು. ನಮ್ಮ ದೇಶದ ವಿಶೇಷ ಪಡೆಗಳೂ ಇಸ್ರೇಲಿನ ತಾವೋರ್ ಹಿಡಿದಿವೆ. ವಾಹನದಿಂದ ಇಳಿಯುವ, ಇಕ್ಕಟ್ಟಿನ ಮನೆಗೆ ನುಗ್ಗುವ ಸೈನಿಕನಿಗೆ ಅದು ಅನುಕೂಲ. ಆದರೆ ಸಿಡಿತ ಕೆನ್ನೆಯ ಪಕ್ಕದಲ್ಲೇ ಆಗುತ್ತದೆ. ಎಡಗೈಯವರಿಗೆ ಖಾಲಿ ತೂಟ ಮುಖಕ್ಕೇ ಹಾರಬಹುದು. ಕುದುರೆಯಿಂದ ಯಂತ್ರಕ್ಕೆ ಉದ್ದದ ಸರಳು ಬೇಕಾದ್ದರಿಂದ ಎಳೆತವೂ ಬಿಗಿ. ನಮ್ಮದೋ ನಡುವೆ ಮಡಚಿ ತೂಟ ತುಂಬುವ ಬಂದೂಕು, ಅದಕ್ಕೆ ಆ ಪೆಟ್ಟಿಗೆ ಹೊಂದುವುದೇ ಇಲ್ಲ. ನಳಿಗೆಯನ್ನೇ ಕೊಯ್ದು ಗಿಡ್ಡ ಮಾಡೋಣವೆಂದರೆ ಪರವಾನಗಿಯಿಲ್ಲದೆ ಹಾಗೆ ಮಾಡುವುದು ಅಪರಾಧ.

ಅತ್ತೆ ಚಿತ್ರವನ್ನು ಕನ್ನಡಕ ಏರಿಸಿ ನೋಡಿದರು. "ಯಾರ ಅಳತೀಗೆ ಮಾಡ್ಯಾರಪ್ಪಾ ಇದನ್ನ?" ಎಂದು ಕೇಳಿದರು. ಮಗನ ಹತ್ತಿರ ಅದಕ್ಕೆ ಉತ್ತರವಿರಲಿಲ್ಲ.

2024ರ ಲೋಕಸಭಾ ಚುನಾವಣೆಗೆ ಎಂದಿನಂತೆ ಬಂದೂಕನ್ನು ಠಾಣೆಗೆ ಒಪ್ಪಿಸುವ ಮುನ್ನಾದಿನ ಅತ್ತೆ ಅದನ್ನು ಒರೆಸುತ್ತಿದ್ದರು. ಎಪ್ಪತ್ತೆಂಟರ ಕೈ ನಡುಗುತ್ತಿತ್ತು. ಎರಡೂ ನಳಿಗೆ ಖಾಲಿ ಎಂದು ಮಡಚಿ ತೋರಿಸಿ, "ನೀ ಹಿಡಿ ನೋಡೂನು" ಎಂದರು. ಮೂವತ್ತಾರು ವರ್ಷ ಆ ಮನೆಯಲ್ಲಿ ಬಾಳಿದ್ದರೂ ನಾನು ಅದನ್ನು ಎತ್ತಿದವಳಲ್ಲ. ಹೆಗಲಿಗೆ ಇಟ್ಟೆ. ಗುಳಿಯಲ್ಲಿ ಕೂತಿತು, ಕಣ್ಣು ತಾನಾಗಿ ನಳಿಗೆಯ ನೇರಕ್ಕೆ ಬಂತು. ಬೀಟೆಯ ಮರ ಅವರ ಕೆನ್ನೆ ತಾಕಿ ತಾಕಿ ನುಣುಪಾಗಿತ್ತು.

ಸರಕಾರಕ್ಕೆ ಒಪ್ಪಿಸಿ ಕೈತೊಳೆದುಕೊಳ್ಳಿ ಎನ್ನುತ್ತಾನೆ ಮಗ. ಅವನ ಅಂಜಿಕೆ ಸುಳ್ಳಲ್ಲ. ಮನೆಯಲ್ಲಿ ಬಂದೂಕು ಇದ್ದರೆ ಅದರ ಭಾರ ರಾತ್ರಿಯ ನಿದ್ದೆಯ ಮೇಲೂ ಇರುತ್ತದೆ. ತೂಟಗಳ ಬೀಗದ ಕೈಯನ್ನು ಅತ್ತೆ ಇಷ್ಟು ವರ್ಷ ಸೊಂಟದಿಂದ ಬಿಚ್ಚದ್ದನ್ನು ನಾನು ಬಲ್ಲೆ. ಆದರೆ ಹೊಳೆದಂಡೆಯ ಹೊಲದಲ್ಲಿ ಮೆಕ್ಕೆಜೋಳ ಈ ವರ್ಷವೂ ಎದೆಮಟ್ಟ ಬಂದಿದೆ.

ನನ್ನ ಹೆಸರಿಗೆ ಅರ್ಜಿ ಹಾಕಿದ್ದೇನೆ. ಉದ್ದೇಶ ಎಂಬಲ್ಲಿ 'ಬೆಳೆ ರಕ್ಷಣೆ' ಎಂದು ಬರೆದೆ. ಬಂದೂಕು ಇನ್ನೂ ಠಾಣೆಯಲ್ಲಿದೆ. ಈ ಮಹಾನವಮಿಗೆ ಸಾಲಿನ ಕೊನೆ ಖಾಲಿಯಿತ್ತು. ಅತ್ತೆ ಅಲ್ಲಿ ಬೀಗದ ಕೈಯನ್ನು ಇಟ್ಟು ಕುಂಕುಮ ಹಚ್ಚಿದರು. ಪೂಜೆ ಮುಗಿದ ಮೇಲೆ ಅದನ್ನೆತ್ತಿ ನನ್ನ ಸೊಂಟಕ್ಕೆ ಸಿಕ್ಕಿಸಿದರು.