ಬೆಳಕಿನ ಆಳ್ವಿಕೆ: ಗೊದಾರನ ‘ಆಲ್ಫಾವಿಲ್’ ಚಿತ್ರದ ದೃಶ್ಯಶೈಲಿ

ಭವಿಷ್ಯದ ಕರಾಳ ನಗರಗಳನ್ನು ತೋರಿಸುವ ಸಿನಿಮಾಗಳ ಚರ್ಚೆ ಸಾಮಾನ್ಯವಾಗಿ ಕಲಾ ನಿರ್ದೇಶನದಿಂದ ಶುರುವಾಗುತ್ತದೆ. ಫ್ರಿಟ್ಸ್ ಲಾಂಗ್‌ನ ‘ಮೆಟ್ರೊಪೊಲಿಸ್’ (1927) ಇದಕ್ಕೆ ಮೇಲ್ಪಂಕ್ತಿ ಹಾಕಿತು. ಪುಟ್ಟ ಮಾದರಿಗಳು, ಕನ್ನಡಿಯ ತಂತ್ರ, ಬೃಹತ್ ಸೆಟ್‌ಗಳಿಂದ ಅದು ನಗರವೊಂದನ್ನು ಕಟ್ಟಿ ನಿಲ್ಲಿಸಿತು. ಝಾನ್ ಲುಕ್ ಗೊದಾರ್ 1965ರ ‘ಆಲ್ಫಾವಿಲ್’ಗಾಗಿ ಅಂಥದ್ದೇನನ್ನೂ ಕಟ್ಟಲಿಲ್ಲ. ಆಗಷ್ಟೇ ಏಳುತ್ತಿದ್ದ ಪ್ಯಾರಿಸ್‌ನ ಗಾಜಿನ ಕಟ್ಟಡಗಳು, ಹೋಟೆಲ್, ಹೆದ್ದಾರಿ, ಉದ್ದುದ್ದ ಕಾರಿಡಾರುಗಳನ್ನೇ ಹೆಚ್ಚಾಗಿ ರಾತ್ರಿ ಹೊತ್ತು ಚಿತ್ರೀಕರಿಸಿ, ಬೇರೊಂದು ಗ್ಯಾಲಕ್ಸಿಯ ನಗರವೆಂದ. ಪ್ರೇಕ್ಷಕ ಅದನ್ನು ನಂಬುವುದು ಬೆಳಕಿನ ಬಳಕೆಯಿಂದ ಎಂಬುದು ಈ ಲೇಖನದ ವಾದ.

ಚಿತ್ರದ ಮೊದಲ ಬಿಂಬವೇ ಹತ್ತಿ ಆರುವ, ಕಣ್ಣಿಗೆ ರಾಚುವ ದೀಪ. ನಗರವನ್ನಾಳುವ ಆಲ್ಫಾ 60 ಎಂಬ ಗಣಕಯಂತ್ರ ನಮ್ಮೆದುರು ಬರುವುದೂ ಬೆಳಕಾಗಿಯೇ: ತಿರುಗುವ ಫ್ಯಾನಿನ ರೆಕ್ಕೆಗಳ ಹಿಂದೆ ಉರಿಯುವ ಒಂದು ಬಲ್ಬು. ಅದರ ಕರ್ಕಶ ದನಿ ಯಂತ್ರದ್ದಲ್ಲ, ಧ್ವನಿಪೆಟ್ಟಿಗೆ ಕಳೆದುಕೊಂಡ ಒಬ್ಬ ಮನುಷ್ಯನದು. ಇಷ್ಟು ಅಗ್ಗದ ಸಾಮಗ್ರಿಯಿಂದ ಇಷ್ಟು ದಿಗಿಲು ಹುಟ್ಟಿಸಿದ ಉದಾಹರಣೆ ಈ ಪ್ರಕಾರದಲ್ಲಿ ವಿರಳ. ಇದಕ್ಕೆ ಎದುರಾಗಿ, ಪತ್ತೇದಾರ ಲೆಮ್ಮಿ ಕಾಷನ್ (ಎಡ್ಡಿ ಕಾನ್‌ಸ್ಟಂಟೈನ್) ಕತ್ತಲು ತುಂಬಿದ ಕಾರಿನಲ್ಲಿ ಕೂತಿರುವಾಗ ಅವನ ಮುಖ ಕಾಣುವುದು ಅವನದೇ ಸಿಗರೇಟ್ ಲೈಟರಿನ ಬೆಳಕಿನಲ್ಲಿ. ನಗರದ ದೀಪ ಅವನನ್ನು ಮುಟ್ಟುವ ಮೊದಲೇ ನಾವು ಅವನ ಸ್ವಂತ ಬೆಂಕಿಯನ್ನು ಕಂಡಿರುತ್ತೇವೆ.

ಛಾಯಾಗ್ರಾಹಕ ರಾವುಲ್ ಕುತಾರ್ ಇಂಡೋಚೀನಾದಲ್ಲಿ ಯುದ್ಧದ ಛಾಯಾಚಿತ್ರಗಳನ್ನು ತೆಗೆದು ಪಳಗಿದವನು. ಸ್ಟುಡಿಯೋ ದೀಪಗಳನ್ನು ಆದಷ್ಟು ದೂರವಿಟ್ಟು, ಸ್ಥಳದಲ್ಲಿದ್ದ ಬೆಳಕನ್ನೇ ನೆಚ್ಚಿ, ಕಪ್ಪುಬಿಳುಪು ಫಿಲ್ಮಿನಲ್ಲಿ ಚಿತ್ರೀಕರಿಸಿದ. ಹಾಗಾಗಿ ಫ್ರೇಮಿನ ಎಷ್ಟೋ ಭಾಗ ಬರಿ ಕಪ್ಪು. ಗೋಡೆ ಎಲ್ಲಿ ಮುಗಿಯಿತು, ಬೀದಿ ಎಲ್ಲಿ ಶುರುವಾಯಿತು ಎಂಬುದೇ ಹತ್ತುವುದಿಲ್ಲ. ಗೊದಾರ್ ಅಲ್ಲಿ ನಗರವನ್ನು ತೋರಿಸುವುದಕ್ಕಿಂತ ಬಚ್ಚಿಡುತ್ತಾನೆ. ಲೆಮ್ಮಿ ಹೋಟೆಲಿಗೆ ಬರುವ ದೀರ್ಘ ಶಾಟ್ ಗಮನಿಸಿ. ಅವನು ಲಿಫ್ಟ್ ಹತ್ತಿದಾಗ ಕ್ಯಾಮೆರಾ ಒಳಗೆ ಹೋಗದೆ ಪಕ್ಕದ ಲಿಫ್ಟಿನಲ್ಲಿ ಏರುತ್ತದೆ. ಗಾಜಿನಾಚೆ ಅವನು ಕಾಣುತ್ತಾ, ಮರೆಯಾಗುತ್ತಾ ಮೇಲೆ ಹೋಗಿ ಮತ್ತೆ ಕಾರಿಡಾರಿನಲ್ಲಿ ಸಿಗುತ್ತಾನೆ. ಕಾವಲು ಕಣ್ಣಿನ ಬಗ್ಗೆ ಒಂದು ಮಾತೂ ಇಲ್ಲದೆ, ಕ್ಯಾಮೆರಾದ ನಡೆಯೇ ಆ ಕಾವಲನ್ನು ಅನುಭವಕ್ಕೆ ತರುತ್ತದೆ.

ಕತ್ತಲೆಂದರೆ ಭಯ, ಬೆಳಕೆಂದರೆ ಅಭಯ ಎಂಬ ರೂಢಿಯ ಅರ್ಥ ಇಲ್ಲಿ ನಿಲ್ಲುವುದಿಲ್ಲ. ಚಿತ್ರದ ಅತ್ಯಂತ ಕ್ರೂರ ಘಟನೆ ನಡೆಯುವುದು ಬೆಳಕು ಧಾರಾಳವಾಗಿರುವ ಈಜುಕೊಳದಲ್ಲಿ. ಹೆಂಡತಿ ಸತ್ತಾಗ ಅತ್ತವನನ್ನು ಡೈವಿಂಗ್ ಹಲಗೆಯ ಮೇಲೆ ನಿಲ್ಲಿಸಿ ಗುಂಡಿಕ್ಕುತ್ತಾರೆ, ನೆರೆದವರು ಚಪ್ಪಾಳೆ ತಟ್ಟುತ್ತಾರೆ. ಅದೇ ಬೆಳಕು ನತಾಶಾ (ಆನ್ನಾ ಕರೀನಾ) ಮತ್ತು ಲೆಮ್ಮಿಯರ ಪ್ರೇಮದ ಸನ್ನಿವೇಶದಲ್ಲಿ ಬೇರೆಯೇ ಆಗುತ್ತದೆ. ಕವಿ ಪಾಲ್ ಎಲುವಾರ್‌ನ ಸಾಲುಗಳು ಕೇಳಿಬರುತ್ತಿರುವಾಗ ಮುಖಗಳ ಮೇಲೆ ಬೆಳಕು ಏರುತ್ತದೆ, ಇಳಿಯುತ್ತದೆ. ದೀಪದ ಹತ್ತಿ ಆರುವ ಲಯ ಆಲ್ಫಾ 60ರದ್ದೇ. ಆದರೆ ಇಲ್ಲಿ ಅದು ವಿಚಾರಣೆಯ ಬೆಳಕಲ್ಲ, ಉಸಿರಾಟ. ಗೊದಾರ್ ಆಳುವವರ ಕೈಯಿಂದ ದೀಪವನ್ನು ಕಿತ್ತು ಪ್ರೇಮಿಗಳಿಗೆ ಕೊಟ್ಟಿದ್ದಾನೆ. ಇಡೀ ಚಿತ್ರದ ರಾಜಕೀಯ ಈ ಹಸ್ತಾಂತರದಲ್ಲಿದೆ.

ನಗರ ಕುಸಿಯುವಾಗ ಬಳಸಿದ ನೆಗೆಟಿವ್ ಬಿಂಬಗಳು ಮಾತ್ರ ನನಗೆ ದುರ್ಬಲವೆನಿಸುತ್ತವೆ. ಕಪ್ಪು ಬಿಳುಪಾಗಿ, ಬಿಳುಪು ಕಪ್ಪಾದಾಗ ತಂತ್ರ ಎದ್ದು ಕಾಣುತ್ತದೆ. ಅಲ್ಲಿಯವರೆಗೆ ಪ್ಯಾರಿಸ್‌ನ ಸಾಮಾನ್ಯ ದೀಪಗಳೇ ಮಾಡಿದ್ದ ಕೆಲಸಕ್ಕೆ ಅದರ ಅಗತ್ಯವಿರಲಿಲ್ಲ.

ಬರ್ಲಿನ್ ಚಿತ್ರೋತ್ಸವ 1965ರಲ್ಲಿ ಈ ಚಿತ್ರಕ್ಕೆ ಚಿನ್ನದ ಕರಡಿಯನ್ನು ನೀಡಿತು. ಅದರ ಕೀರ್ತಿ ಬಹುಪಾಲು ಗೊದಾರನಿಗೇ ಸಂದಿದೆ. ಈ ಪ್ರಕಾರದ ದೃಶ್ಯಶೈಲಿಯನ್ನು ಅಧ್ಯಯನ ಮಾಡುವವರು ಸೆಟ್ಟಿನ ವಿನ್ಯಾಸಕ್ಕೆ ಕೊಡುವಷ್ಟೇ ಗಮನವನ್ನು ಕುತಾರ್‌ನ ಬೆಳಕಿನ ಆಯ್ಕೆಗಳಿಗೂ ಕೊಡಬೇಕು.