ದ್ಯುತಿತಂತುಗಳ ಮೂಲಕ ಸೂಕ್ಷ್ಮ ವ್ಯತಿಕರಣ ಮಾಪನ: ನೆಲ ಅಗೆತದ ಅರ್ಜಿದಾರರಿಗೆ ಮಾಹಿತಿ

ರಸ್ತೆ ಬದಿಯಲ್ಲಿ ಕಾಲುವೆ ತೋಡಲು ಅಥವಾ ಕೊಳವೆ ಹಾಕಲು ಅನುಮತಿ ಕೋರುವ ಅರ್ಜಿದಾರರಲ್ಲಿ ಅನೇಕರು, ನೆಲದಡಿಯ ಕೇಬಲ್‌ಗಳೆಲ್ಲವೂ ದೂರವಾಣಿಗೆ ಸಂಬಂಧಿಸಿದವೆಂದು ಭಾವಿಸುವುದುಂಟು. ಎಲ್ಲ ಕೇಬಲ್‌ಗಳೂ ಆ ಬಗೆಯವಲ್ಲ. ಕೆಲವು ಕೇಬಲ್‌ಗಳು ಅಳತೆಯ ಉಪಕರಣದ ಭಾಗವೇ ಆಗಿರುತ್ತವೆ.

ಒಂದೇ ಮೂಲದಿಂದ ಹೊರಟ ಎರಡು ಅಲೆಗಳು ಬೇರೆ ಬೇರೆ ದಾರಿಯಲ್ಲಿ ಸಾಗಿ ಮತ್ತೆ ಕೂಡಿದಾಗ ಒಂದನ್ನೊಂದು ಹೆಚ್ಚಿಸುತ್ತವೆ ಇಲ್ಲವೇ ಕುಗ್ಗಿಸುತ್ತವೆ. ಇದಕ್ಕೆ ವ್ಯತಿಕರಣ ಎನ್ನುತ್ತಾರೆ. ಕೂಡಿದ ಅಲೆಯ ಸ್ವರೂಪದಿಂದ ಎರಡು ದಾರಿಗಳ ಉದ್ದದ ವ್ಯತ್ಯಾಸವನ್ನು ಅಲೆಯ ಒಂದು ಅಂಶದಷ್ಟು ನಿಖರವಾಗಿ ಅರಿಯಬಹುದು.

ಈ ತತ್ವದ ಸ್ಥಳೀಯ ನಿದರ್ಶನವು ಸ್ಕಂದಗಿರಿ ಇರುವ ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿಯೇ ಇದೆ. ಗೌರಿಬಿದನೂರಿನ ಬಳಿ ಭಾರತೀಯ ಖಭೌತ ಸಂಸ್ಥೆ ಹಾಗೂ ರಾಮನ್ ಸಂಶೋಧನಾ ಸಂಸ್ಥೆಗಳು ಜಂಟಿಯಾಗಿ ರೇಡಿಯೋ ವೀಕ್ಷಣಾಲಯವನ್ನು ಸ್ಥಾಪಿಸಿದವು. 1976ರಿಂದ ಅಲ್ಲಿ 34.5 ಮೆಗಾಹರ್ಟ್ಸ್ ಆವೃತ್ತಿಯಲ್ಲಿ ಆಕಾಶವನ್ನು ವೀಕ್ಷಿಸಲಾಯಿತು. ಸಾವಿರ ಆಂಟೆನಾಗಳ ಆ ವ್ಯೂಹದ ಪೂರ್ವ-ಪಶ್ಚಿಮ ತೋಳು ಸುಮಾರು 1.4 ಕಿ.ಮೀ. ಉದ್ದದ್ದಾಗಿತ್ತು. ಸೂರ್ಯನ ವೀಕ್ಷಣೆಗಾಗಿ ರೇಡಿಯೋಹೀಲಿಯೋಗ್ರಾಫ್ 1997ರಲ್ಲಿ ಸೇರ್ಪಡೆಯಾಯಿತು. ಇದರ ಆಂಟೆನಾಗಳ ಸಂಕೇತವನ್ನು ಲೋಹದ ಕೇಬಲ್‌ಗಳಲ್ಲಿ ಒಯ್ಯಲಾಗುತ್ತದೆ. ಹಗಲು ರಾತ್ರಿಗಳ ಉಷ್ಣತೆಯ ಏರಿಳಿತದಿಂದ ಅಳತೆ ಕೆಡಬಾರದೆಂಬ ಕಾರಣಕ್ಕೆ ಅವುಗಳನ್ನು ಮಣ್ಣಿನಲ್ಲಿ ಹೂಳಲಾಗಿದೆ.

ದೂರ ಹೆಚ್ಚಿದಂತೆ ಲೋಹದ ಕೇಬಲ್‌ನಲ್ಲಿ ಸಂಕೇತ ಕ್ಷೀಣಿಸುವುದರಿಂದ ಗಾಜಿನ ತಂತು ಅನಿವಾರ್ಯವಾಗುತ್ತದೆ. ಪುಣೆ ಜಿಲ್ಲೆಯ ಖೋಡದ್‌ನಲ್ಲಿರುವ ದೈತ್ಯ ಮೀಟರ್‌ವೇವ್ ರೇಡಿಯೋ ದೂರದರ್ಶಕದ 30 ಆಂಟೆನಾಗಳು ಸುಮಾರು 25 ಕಿ.ಮೀ. ವ್ಯಾಪ್ತಿಯಲ್ಲಿ ಹರಡಿದ್ದು, ಕೇಂದ್ರ ಕಟ್ಟಡಕ್ಕೆ ದ್ಯುತಿತಂತುಗಳಿಂದಲೇ ಜೋಡಣೆಗೊಂಡಿವೆ.

ತಂತುವಿಗೂ ಉಷ್ಣತೆಯ ತೊಂದರೆ ತಪ್ಪಿದ್ದಲ್ಲ. ಒಂದು ಕಿ.ಮೀ. ತಂತುವಿನ ಉಷ್ಣತೆ ಒಂದು ಡಿಗ್ರಿ ಸೆಲ್ಸಿಯಸ್ ಏರಿದರೆ ಬೆಳಕಿನ ದಾರಿ ಸುಮಾರು ಒಂದು ಸೆಂ.ಮೀ. ಹೆಚ್ಚುತ್ತದೆ. ಗಾಜು ಹಿಗ್ಗುವುದಕ್ಕಿಂತ ಅದರ ವಕ್ರೀಭವನಾಂಕ ಬದಲಾಗುವುದೇ ಇದಕ್ಕೆ ಮುಖ್ಯ ಕಾರಣ. 34.5 ಮೆಗಾಹರ್ಟ್ಸ್‌ನ ಅಲೆ ಸುಮಾರು 8.7 ಮೀಟರ್ ಉದ್ದವಿರುವುದರಿಂದ ಅಲ್ಲಿ ಒಂದು ಸೆಂ.ಮೀ. ಗಣನೆಗೆ ಬಾರದು. ಆದರೆ 21 ಸೆಂ.ಮೀ. ಅಲೆಯನ್ನು 20 ಕಿ.ಮೀ. ತಂತುವಿನಲ್ಲಿ ತಂದರೆ, ಒಂದೇ ಡಿಗ್ರಿಯ ಬದಲಾವಣೆಯಿಂದ ಹೆಚ್ಚುಕಡಿಮೆ ಒಂದು ಇಡೀ ಅಲೆಯಷ್ಟು ತಪ್ಪು ಬರುತ್ತದೆ. ಆದುದರಿಂದ ತಂತುವನ್ನು ಹೂಳುವುದಲ್ಲದೆ, ಸ್ಥಾನ ತಿಳಿದಿರುವ ಆಕಾಶಕಾಯವೊಂದನ್ನು ಆಗಾಗ್ಗೆ ನೋಡಿ ಅಳತೆಯನ್ನು ತಿದ್ದಿಕೊಳ್ಳಲಾಗುತ್ತದೆ.

ಬೆಳಕನ್ನೇ ಅಳತೆಗೋಲಾಗಿ ಬಳಸಿದಾಗ ಸೂಕ್ಷ್ಮತೆ ಇನ್ನೂ ಹೆಚ್ಚು. 1.55 ಮೈಕ್ರೋಮೀಟರ್ ತರಂಗದೂರದ ಬೆಳಕಿಗೆ ಅದೇ ಒಂದು ಸೆಂ.ಮೀ. ಎಂದರೆ ಆರು ಸಾವಿರಕ್ಕೂ ಹೆಚ್ಚು ಅಲೆಗಳು. ಅಡಚಣೆಯೆನಿಸಿದ ಈ ಗುಣವೇ ಕಂಪನ, ಸೆಳೆತ ಮತ್ತು ಉಷ್ಣತೆಯನ್ನು ಅಳೆಯುವ ಸಾಧನವಾಗಿದೆ. ತಂತುವನ್ನು ಸುರುಳಿ ಸುತ್ತಿ ಎರಡೂ ದಿಕ್ಕಿಗೆ ಬೆಳಕು ಹಾಯಿಸಿದರೆ ವಾಹನದ ತಿರುಗುವಿಕೆ ತಿಳಿಯುತ್ತದೆ. ವಿಮಾನಗಳ ತಂತು ಗೈರೋಸ್ಕೋಪ್ ಇದೇ ಬಗೆಯದು.

ಸಂಪರ್ಕದ ಕೇಬಲ್ ತುಂಡಾದರೆ ಬೆಸೆದ ಕೂಡಲೇ ಸೇವೆ ಮರಳುತ್ತದೆ. ಮಾಪನದ ತಂತುವಿನಲ್ಲಿ ಹಾಗಲ್ಲ: ಬೆಸುಗೆಯಿಂದ ಉದ್ದವೇ ಬದಲಾಗಿ, ಅಳತೆಯನ್ನು ಮೊದಲಿನಿಂದ ಹೊಂದಿಸಬೇಕಾಗುತ್ತದೆ. ತುಂಡಾಗದಿದ್ದರೂ ಮೇಲಿನ ಮಣ್ಣು ತೆಗೆದರೆ ಸಾಕು, ಬಿಸಿಲು ತಾಗಿ ದಾಖಲೆ ಕೆಡುತ್ತದೆ.

ಆದುದರಿಂದ ಯಂತ್ರದಿಂದ ನೆಲ ಅಗೆಯುವವರು, ರಸ್ತೆಯ ಒಡೆತನದ ಸಂಸ್ಥೆಯ ಅನುಮತಿಯ ಜೊತೆಗೆ, ಕೇಂದ್ರ ಸರ್ಕಾರವು ಮಾರ್ಚ್ 2023ರಲ್ಲಿ ಜಾರಿಗೆ ತಂದ ‘ಕಾಲ್ ಬಿಫೋರ್ ಯು ಡಿಗ್’ ಆ್ಯಪ್‌ನಲ್ಲಿ ಅಗೆತದ ಸ್ಥಳವನ್ನು ಮುಂಚಿತವಾಗಿ ನಮೂದಿಸತಕ್ಕದ್ದು. ನೋಂದಾಯಿತ ಕೇಬಲ್‌ಗಳ ಒಡೆಯರಿಗೆ ಸೂಚನೆ ತಲುಪುತ್ತದೆ. ವೈಜ್ಞಾನಿಕ ಸಂಸ್ಥೆಯ ಆವರಣ ಸಮೀಪದಲ್ಲಿದ್ದರೆ ಆ ಸಂಸ್ಥೆಗೂ ಲಿಖಿತವಾಗಿ ತಿಳಿಸುವುದು ಸೂಕ್ತ; ಆ್ಯಪ್‌ನಲ್ಲಿ ಎಲ್ಲ ತಂತುಗಳೂ ನೋಂದಣಿಯಾಗಿವೆಯೆಂದು ಭಾವಿಸತಕ್ಕದ್ದಲ್ಲ.

ಅಗೆಯುವಾಗ ತಂತು ತುಂಡಾದಲ್ಲಿ ಕೆಲಸ ನಿಲ್ಲಿಸಿ ಒಡೆಯರಿಗೆ ತಿಳಿಸಬೇಕು. ತುದಿಗಳನ್ನು ಸ್ವತಃ ಜೋಡಿಸಲು ಯತ್ನಿಸಬಾರದು. ಒಳಗಿನ ಲೇಸರ್ ಕಿರಣ ಕಣ್ಣಿಗೆ ಕಾಣದಿದ್ದರೂ ದೃಷ್ಟಿಗೆ ಹಾನಿ ಮಾಡಬಲ್ಲದಾದ್ದರಿಂದ, ತುಂಡಾದ ತುದಿಯೊಳಗೆ ಇಣುಕಿ ನೋಡಕೂಡದು.